ಟ್ರ್ಯಾಕ್ ಓಟದ ಹೊಸ ಸ್ಪೈಕ್ ಶೂಗಳು: ಕೊಳ್ಳುವ ಮುನ್ನ ಕಾಲಿನ ಬಗ್ಗೆ ತಿಳಿಯಬೇಕಾದದ್ದು

ಮಗನೋ ಮಗಳೋ ಶಾಲೆಯ ಕ್ರೀಡಾಕೂಟದಲ್ಲಿ 800 ಮೀಟರ್, 1500 ಮೀಟರ್ ಓಟದಲ್ಲಿ ಮುಂದೆ ಬಂದರೆ ಒಂದಲ್ಲ ಒಂದು ದಿನ ಕೋಚ್ ಹೇಳುತ್ತಾರೆ, "ಇನ್ನು ಸ್ಪೈಕ್ಸ್ ತೊಗೊಳ್ಳಿ" ಎಂದು. ಅಂಗಡಿಗೆ ಹೋದರೆ ಎರಡು ಬಗೆಯ ಶೂ ಮುಂದಿಡುತ್ತಾರೆ. ಒಂದು ತೆಳ್ಳಗಿನದು, ಅಟ್ಟೆ ಗಟ್ಟಿ, ಬೆಲೆ ಒಂದೆರಡು ಸಾವಿರ ರೂಪಾಯಿ. ಇನ್ನೊಂದರ ಅಟ್ಟೆಯಲ್ಲಿ ದಪ್ಪ ಫೋಮ್, ಕಣ್ಣು ಕುಕ್ಕುವ ಬಣ್ಣ, ಬೆಲೆ ಹತ್ತು ಸಾವಿರ ದಾಟುತ್ತದೆ. ಮಗಳಿಗೆ ಆರು ತಿಂಗಳ ಹಿಂದೆ ಕಣಕಾಲು ನೋವು ಬಂದು ಒಂದೂವರೆ ತಿಂಗಳು ಓಟ ನಿಲ್ಲಿಸಿದ್ದಿರಿ ಎಂದಿಟ್ಟುಕೊಳ್ಳಿ. ಆಗ ಯಾವುದನ್ನು ಕೊಳ್ಳಬೇಕು? ಈಗಲೇ ಕೊಳ್ಳಬೇಕೆ?

ಈ ಬರಹ ಅಂಥ ತಂದೆತಾಯಿಯರಿಗೆ, ಮತ್ತು ಕಾಲಿನ ಗಾಯದಿಂದ ಚೇತರಿಸಿಕೊಂಡು ಟ್ರ್ಯಾಕ್‌ಗೆ ಮರಳುತ್ತಿರುವ ಓಟಗಾರರಿಗೆ. ನಲವತ್ತು ದಾಟಿದ ಮೇಲೆ ಮಾಸ್ಟರ್ಸ್ ಕೂಟಗಳಲ್ಲಿ ಓಡುವವರೂ ಓದಬೇಕು. ಮಧುಮೇಹ ಮತ್ತು ಆ್ಯಂಟಿಬಯೋಟಿಕ್ ಕುರಿತ ಭಾಗವಂತೂ ಹೆಚ್ಚಾಗಿ ನಿಮಗಾಗಿಯೇ ಇದೆ.

ಹಳೆಯ ಸ್ಪೈಕ್, ಹೊಸ ಸ್ಪೈಕ್

ದಶಕಗಳ ಕಾಲ ಸ್ಪೈಕ್ ಶೂ ಎಂದರೆ ಒಂದೇ ಲೆಕ್ಕ: ತೂಕ ಕಡಿಮೆ ಇರಬೇಕು, ನೆಲವನ್ನು ಕಚ್ಚಿ ಹಿಡಿಯಬೇಕು. ಪಾದದ ಮುಂಭಾಗದ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಪ್ಲೇಟ್, ಅದರಲ್ಲಿ ತಿರುಪಿ ಕೂರಿಸುವ ಮೊಳೆಗಳು, ಹಿಮ್ಮಡಿಯ ಕೆಳಗೆ ಹೆಸರಿಗಷ್ಟು ಫೋಮ್. ಈಗಲೂ ಕಡಿಮೆ ಬೆಲೆಯ ಸ್ಪೈಕ್‌ಗಳು ಬಹುತೇಕ ಹೀಗೇ ಇರುತ್ತವೆ.

2020ರಲ್ಲಿ ಇದು ಬದಲಾಯಿತು. ಮ್ಯಾರಥಾನ್ ಶೂಗಳಲ್ಲಿ ಅದಾಗಲೇ ಬಂದಿದ್ದ ಹಗುರವಾದ, ಪುಟಿಯುವ ಫೋಮನ್ನು ನೈಕಿ ಕಂಪನಿ ಟ್ರ್ಯಾಕ್ ಶೂಗೆ ತಂದಿತು. ದೂರದ ಓಟಕ್ಕೆ 'ಡ್ರಾಗನ್‌ಫ್ಲೈ', ಮಧ್ಯಮ ದೂರಕ್ಕೆ 'ಏರ್ ಜೂಮ್ ವಿಕ್ಟರಿ'. ಆ ವರ್ಷ ಆಗಸ್ಟ್ 14ರಂದು ಮೊನಾಕೊದಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೈ 5000 ಮೀಟರನ್ನು 12 ನಿಮಿಷ 35.36 ಸೆಕೆಂಡಿನಲ್ಲಿ ಓಡಿದರು. ಕೆನೆನಿಸಾ ಬೆಕೆಲೆ 2004ರಲ್ಲಿ ಬರೆದಿದ್ದ 12:37.35ರ ದಾಖಲೆ ಹದಿನಾರು ವರ್ಷದ ನಂತರ ಹೋಯಿತು. ಅಕ್ಟೋಬರ್ 7ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಅದೇ ಚೆಪ್ಟೆಗೈ 10,000 ಮೀಟರ್ ದಾಖಲೆಯನ್ನು 26:11.00ಕ್ಕೆ ಇಳಿಸಿದರು. ಅದೇ ಸಂಜೆ, ಅದೇ ಟ್ರ್ಯಾಕ್‌ನಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ ಮಹಿಳೆಯರ 5000 ಮೀಟರ್ ದಾಖಲೆಯನ್ನು 14:06.62ಕ್ಕೆ ತಂದರು. ಟ್ರ್ಯಾಕ್‌ನ ಒಳಅಂಚಿನಲ್ಲಿ ವೇಗ ತೋರಿಸುತ್ತ ಓಡುವ ದೀಪಗಳೂ ಆ ದಿನಗಳಲ್ಲಿ ಇದ್ದವು ಎಂಬುದನ್ನು ಮರೆಯಬಾರದು. ಎಲ್ಲ ಕೀರ್ತಿಯೂ ಶೂಗೆ ಸೇರದು. ಆದರೆ ಅಂದಿನಿಂದ ಎಲ್ಲ ಕಂಪನಿಗಳೂ ಇದೇ ದಾರಿ ಹಿಡಿದವು. ಇವುಗಳನ್ನು 'ಸೂಪರ್ ಸ್ಪೈಕ್ಸ್' ಎಂದು ಕರೆಯುವುದು ರೂಢಿಯಾಯಿತು.

ಇದು ಕೆಲಸ ಮಾಡುವ ಬಗೆ ಸರಳ. ಕಾಲು ನೆಲಕ್ಕೆ ತಾಗಿದಾಗ ಫೋಮ್ ಕುಗ್ಗುತ್ತದೆ, ಕಾಲು ಎತ್ತುವಾಗ ಹಿಗ್ಗಿ ಒಂದಿಷ್ಟು ಶಕ್ತಿಯನ್ನು ವಾಪಸು ಕೊಡುತ್ತದೆ. ಹಳೆಯ ಫೋಮ್ ಕಡಿಮೆ ವಾಪಸು ಕೊಡುತ್ತಿತ್ತು, ಹೊಸದು ಹೆಚ್ಚು ಕೊಡುತ್ತದೆ. ತೂಕವೂ ಕಡಿಮೆಯಾದ್ದರಿಂದ ಶೂ ಭಾರವಾಗದೆ ದಪ್ಪ ಮಾಡಬಹುದು. ಡ್ರಾಗನ್‌ಫ್ಲೈ ಒಂದು ಶೂ ಸುಮಾರು 125 ಗ್ರಾಂ ಇದ್ದರೆ ನೀವು ದಿನವೂ ಹಾಕುವ ಜಾಗಿಂಗ್ ಶೂ ಅದರ ಎರಡು ಪಟ್ಟಾದರೂ ಇರುತ್ತದೆ. ಫೋಮ್ ಜೊತೆಗಿನ ಗಟ್ಟಿ ಪ್ಲೇಟ್ ಕಾಲ್ಬೆರಳುಗಳ ಬುಡ ಹೆಚ್ಚು ಬಾಗದಂತೆ ತಡೆದು ಹೆಜ್ಜೆಯನ್ನು ಮುಂದಕ್ಕೆ ಉರುಳಿಸುತ್ತದೆ.

ಲಾಭ ಎಷ್ಟು? ಪ್ರಯೋಗಗಳಲ್ಲಿ ಹಳೆಯ ಸ್ಪೈಕ್‌ಗೆ ಹೋಲಿಸಿದರೆ ಸುಮಾರು ಶೇ 2ರಷ್ಟು ಕಂಡುಬಂದಿದೆ, ಅದೂ ತರಬೇತಾದ ಓಟಗಾರರಲ್ಲಿ ಮತ್ತು ಸರಾಸರಿಯಾಗಿ. ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. 1500 ಮೀಟರನ್ನು ಐದೂವರೆ ನಿಮಿಷಕ್ಕೆ ಓಡುವ ಹುಡುಗಿಗೆ ಶೇ 2 ಎಂದರೆ ಆರೇಳು ಸೆಕೆಂಡು. ಒಂದು ವರ್ಷ ಗಾಯವಿಲ್ಲದೆ ತಪ್ಪದೆ ಅಭ್ಯಾಸ ಮಾಡಿದ ಶಾಲಾ ಓಟಗಾರ್ತಿ ಅದಕ್ಕಿಂತ ಹೆಚ್ಚು ಗಳಿಸುತ್ತಾಳೆ. ನನ್ನ ಮಟ್ಟಿಗೆ ಈ ಎರಡನೇ ಲೆಕ್ಕವೇ ದೊಡ್ಡದು, ಕಾಲು ಕೆಟ್ಟರೆ ಕಳೆದುಹೋಗುವುದು ಇದೇ.

ಮೂರು ಬಗೆ, ಮೂರು ಕಾಲು

ಅಂಗಡಿಯಲ್ಲಿ ಬ್ರಾಂಡ್ ಹೆಸರುಗಳ ನಡುವೆ ಕಳೆದುಹೋಗಬೇಡಿ. ಶೂವನ್ನು ಎರಡು ಕೈಯಲ್ಲಿ ಹಿಡಿದು ಮಧ್ಯಕ್ಕೆ ಬಾಗಿಸಿ ನೋಡಿ, ಹೆಬ್ಬೆರಳಿನಿಂದ ಫೋಮ್ ಒತ್ತಿ ನೋಡಿ. ಮಧ್ಯಮ ಮತ್ತು ದೂರದ ಓಟದ ಸ್ಪೈಕ್‌ಗಳು ಹೆಚ್ಚುಕಡಿಮೆ ಮೂರು ಬಗೆ ಎಂದು ನಿಮಗೇ ತಿಳಿಯುತ್ತದೆ.

ಮೊದಲನೆಯದು ಹಳೆಯ ಬಗೆ. ನಮ್ಮ ದೇಶದ ನಿವಿಯಾ, ಸೆಗಾದಂಥ ಕಂಪನಿಗಳ ಸ್ಪೈಕ್, ಡೆಕಾಥ್ಲಾನ್‌ನ ಆರಂಭದ ಹಂತದವು, ನೈಕಿಯವರದೇ ಕಡಿಮೆ ಬೆಲೆಯ 'ರೈವಲ್' ಸಾಲು ಇಲ್ಲಿಗೆ ಸೇರುತ್ತವೆ. ಫೋಮ್ ತೆಳು ಅಥವಾ ಗಟ್ಟಿ. ಪಾದಕ್ಕೆ ನೆಲ ಚೆನ್ನಾಗಿ ತಿಳಿಯುತ್ತದೆ, ತಿರುವಿನಲ್ಲಿ ಕಾಲು ಓಲಾಡುವುದಿಲ್ಲ. ಮಣ್ಣಿನ ಟ್ರ್ಯಾಕ್‌ಗೆ ಸವೆದು ಹೋದರೂ ಹೊಟ್ಟೆ ಉರಿಯುವುದಿಲ್ಲ. ಆದರೆ ಹೆಜ್ಜೆಯ ಹೊಡೆತವನ್ನೆಲ್ಲ ಮೀನಖಂಡ ಮತ್ತು ಪಾದದ ಮೂಳೆಗಳೇ ತಡೆದುಕೊಳ್ಳಬೇಕು. ಇಂಥ ಶೂನಲ್ಲಿ ಮೊದಲ ಸಲ ಜೋರಾಗಿ ಓಡಿದ ಮರುದಿನ ಮೆಟ್ಟಿಲಿಳಿಯಲು ಕಂಬಿ ಹಿಡಿಯಬೇಕಾಗುವುದು ಇದಕ್ಕೇ.

ಎರಡನೆಯದು ಹೊಸ ಫೋಮ್ ಇದ್ದು, ಪ್ಲೇಟ್ ಮಾತ್ರ ಬಾಗುವಂಥದ್ದು. ಡ್ರಾಗನ್‌ಫ್ಲೈ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪ್ಲೇಟ್ ಕಾರ್ಬನ್‌ನದಲ್ಲ, ಪೆಬ್ಯಾಕ್ಸ್ ಎಂಬ ಪ್ಲಾಸ್ಟಿಕ್‌ನದು. 1500 ಮೀಟರ್‌ನಿಂದ 10,000 ಮೀಟರ್‌ವರೆಗೆ ಓಡುವವರು ಇದನ್ನು ಹೆಚ್ಚು ಬಳಸುತ್ತಾರೆ. ಅಡಿಡಾಸ್‌ನ 'ಅವಂತಿ' ಸಾಲು ಕೂಡ ದೂರದ ಓಟಕ್ಕಾಗಿಯೇ ಮಾಡಿದ್ದು. ಈ ಬಗೆಯ ಶೂ ಹಾಕಿದ ಹಲವರು ಮರುದಿನ ಮೀನಖಂಡ ಅಷ್ಟು ಬಿಗಿಯುವುದಿಲ್ಲ ಎನ್ನುತ್ತಾರೆ.

ಮೂರನೆಯದು ಕಾರ್ಬನ್ ಪ್ಲೇಟ್ ಇರುವುದು. ನೈಕಿಯ ವಿಕ್ಟರಿಯಲ್ಲಿ ಕಾರ್ಬನ್ ಪ್ಲೇಟ್ ಜೊತೆಗೆ ಪಾದದ ಮುಂಭಾಗದ ಕೆಳಗೆ ಗಾಳಿ ತುಂಬಿದ ಚೀಲವೂ ಇದೆ. ನ್ಯೂ ಬ್ಯಾಲೆನ್ಸ್‌ನ 'ಫ್ಯುಯೆಲ್‌ಸೆಲ್ ಎಂಡಿ-ಎಕ್ಸ್' ಕೂಡ ಕಾರ್ಬನ್ ಪ್ಲೇಟ್‌ನದೇ. 800 ಮತ್ತು 1500 ಮೀಟರ್‌ನಂಥ ವೇಗದ ಓಟಕ್ಕೆ ಇವು. ಕೈಯಲ್ಲಿ ಬಾಗಿಸಲು ನೋಡಿದರೆ ಬಾಗುವುದೇ ಇಲ್ಲ. ಇಂಥ ಶೂನಲ್ಲಿ ಪಾದದ ಮುಂಭಾಗದ ಮೇಲೆ ಎದ್ದು ನಿಂತಂತೆಯೇ ಓಡಬೇಕು. ನಿಧಾನ ಓಡಿದರೆ ಅದು ವಿಚಿತ್ರವೆನಿಸುತ್ತದೆ, ಸುಸ್ತಾಗಿ ಹಿಮ್ಮಡಿ ಊರತೊಡಗಿದರೆ ಪಾದ ಅಸ್ಥಿರವಾಗುತ್ತದೆ.

ಯಾರಿಗೆ ಯಾವುದು? ಹದಿನಾಲ್ಕರೊಳಗಿನ ಮಕ್ಕಳಿಗೆ ಮೂರನೆಯದು ಬೇಡವೇ ಬೇಡ ಎನ್ನುತ್ತೇನೆ. ಅವರಿಗೆ ಮೊದಲನೆಯದು ಸಾಕು, ಅದೂ ಸ್ಪರ್ಧೆಗೆ ಮತ್ತು ವಾರಕ್ಕೊಂದು ವೇಗದ ಅಭ್ಯಾಸಕ್ಕೆ. ಹದಿನಾರು ದಾಟಿ ನಿಯಮಿತವಾಗಿ ತರಬೇತಿ ಮಾಡುತ್ತ 3000, 5000 ಮೀಟರ್ ಓಡುವವರಿಗೆ ಎರಡನೆಯದು ಹೊಂದುತ್ತದೆ. ಅಕಿಲಿಸ್ ತೊಂದರೆಯಿಂದ ಚೇತರಿಸಿಕೊಂಡವರಿಗೂ ಮೊದಲನೆಯದಕ್ಕಿಂತ ಎರಡನೆಯದೇ ಮೇಲು. ಮೂರನೆಯದು ರಾಜ್ಯ, ರಾಷ್ಟ್ರಮಟ್ಟದಲ್ಲಿ ಸೆಕೆಂಡಿನ ಭಾಗಕ್ಕಾಗಿ ಓಡುವವರಿಗೆ. ಮಧ್ಯಪಾದದ ಮೂಳೆಗೆ ಹಿಂದೆ ಪೆಟ್ಟಾಗಿದ್ದರೆ ಅವರಿಗೂ ಬೇಡ. ಕಾರಣ ಮುಂದೆ ಇದೆ.

ಶೂ ಒಳಗೆ ಕಾಲಿಗೆ ಏನಾಗುತ್ತದೆ

ದಿನನಿತ್ಯದ ಓಟದ ಶೂನಲ್ಲಿ ಹಿಮ್ಮಡಿ ಪಾದದ ಮುಂಭಾಗಕ್ಕಿಂತ ಎಂಟು, ಹತ್ತು ಮಿಲಿಮೀಟರ್ ಮೇಲಿರುತ್ತದೆ. ಸ್ಪೈಕ್ ಶೂನಲ್ಲಿ ಈ ಎತ್ತರ ತೀರ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಹಿಮ್ಮಡಿ ಕೆಳಗಿಳಿದಷ್ಟೂ ಅಕಿಲಿಸ್ ಸ್ನಾಯುರಜ್ಜು, ಅಂದರೆ ಹಿಮ್ಮಡಿಯ ಹಿಂದೆ ದಪ್ಪ ಹಗ್ಗದಂತೆ ಕೈಗೆ ಸಿಗುವ, ಹಲವರು ನರ ಎಂದೇ ಕರೆಯುವ ಭಾಗ, ಹೆಚ್ಚು ಎಳೆಯುತ್ತದೆ. ಓಡುವಾಗ ಅದರ ಮೇಲೆ ದೇಹದ ತೂಕದ ಆರೇಳು ಪಟ್ಟು ಭಾರ ಬೀಳುತ್ತದೆ. ಸ್ಪೈಕ್ ಹಾಕಿದವರು ಮುಂಗಾಲಿನ ಮೇಲೆ, ವೇಗವಾಗಿ ಓಡುತ್ತಾರೆ. ಹಾಗಾಗಿ ಎಳೆತ ಇನ್ನೂ ಹೆಚ್ಚು. 1500 ಮೀಟರ್ ಓಡುವಷ್ಟರಲ್ಲಿ ಸುಮಾರು ಸಾವಿರ ಹೆಜ್ಜೆ ಆಗುತ್ತದೆ.

ಸ್ನಾಯು ಈ ಹೊಸ ಭಾರಕ್ಕೆ ಎರಡು, ಮೂರು ವಾರದಲ್ಲಿ ಹೊಂದಿಕೊಳ್ಳುತ್ತದೆ. ಸ್ನಾಯುರಜ್ಜು, ಮೂಳೆಗಳಿಗೆ ತಿಂಗಳುಗಳು ಬೇಕು. ಮೂಳೆಯ ವಿಷಯ ಇನ್ನೂ ಸೂಕ್ಷ್ಮ. ಹೊಸ ಭಾರ ಬಿದ್ದಾಗ ದೇಹ ಮೊದಲು ಸವೆದ ಭಾಗವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸ ಮೂಳೆ ಕಟ್ಟುತ್ತದೆ. ಮನೆ ರಿಪೇರಿಗೆ ಗೋಡೆ ಒಡೆದಂತೆ. ಒಡೆದ ಮೇಲೆ ಕಟ್ಟುವವರೆಗಿನ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ. ಹೊಸ ಶೂ ಕೊಂಡು, ಚೆನ್ನಾಗಿ ಓಡುತ್ತಿದ್ದೇನೆ ಎಂದು ಉತ್ಸಾಹದಿಂದ ದಿನವೂ ಹಾಕಿದವರಿಗೆ ನಾಲ್ಕರಿಂದ ಎಂಟನೇ ವಾರದ ನಡುವೆ ಮೂಳೆ ನೋವು ಕಾಣಿಸಿಕೊಳ್ಳಲು ಇದೇ ಕಾರಣ. ಇದನ್ನೇ ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವುದು. ಬಿದ್ದು ಮುರಿದದ್ದಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರ ಬಿದ್ದು ಬರುವ ಕೂದಲೆಳೆಯ ಬಿರುಕು.

ಹೊಸ ಫೋಮ್‌ನ ಶೂಗಳಲ್ಲಿ ಒಂದು ಮೋಸ ಇದೆ. ಹಳೆಯ ಸ್ಪೈಕ್‌ನಲ್ಲಿ ಮೀನಖಂಡ ನೋಯುತ್ತಿದ್ದುದರಿಂದ ಓಟಗಾರರು ತಾವಾಗಿಯೇ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚು ಹಾಕುತ್ತಿರಲಿಲ್ಲ. ಹೊಸದರಲ್ಲಿ ನೋವು ಕಡಿಮೆ, ಅದಕ್ಕೇ ಹೆಚ್ಚು ದಿನ ಹಾಕುತ್ತಾರೆ, ಹೆಚ್ಚು ವೇಗವಾಗಿ ಓಡುತ್ತಾರೆ. ಸ್ನಾಯು ದೂರು ಹೇಳದಿದ್ದರೂ ಮೂಳೆಯ ಮೇಲಿನ ಭಾರ ಕೂಡುತ್ತಲೇ ಹೋಗುತ್ತದೆ.

ಇನ್ನು ಕಾರ್ಬನ್ ಪ್ಲೇಟ್. ಗಟ್ಟಿ ಪ್ಲೇಟ್ ಬೆರಳ ಬುಡವನ್ನು ಬಾಗಲು ಬಿಡದಿದ್ದರೆ ಆ ಭಾರ ಬೇರೆಡೆಗೆ ಹೋಗಬೇಕಲ್ಲ. 2023ರಲ್ಲಿ ಅಮೆರಿಕದ ಕ್ರೀಡಾ ವೈದ್ಯ ಆಡಮ್ ಟೆನ್‌ಫೋರ್ಡ್ ಮತ್ತು ಸಂಗಡಿಗರು ಕಾರ್ಬನ್ ಪ್ಲೇಟ್ ಶೂ ಬಳಸಿದ ಐವರು ಓಟಗಾರರಲ್ಲಿ ನೆವಿಕ್ಯುಲರ್ ಮೂಳೆಗೆ ಆದ ಇಂಥ ಗಾಯಗಳನ್ನು ವರದಿ ಮಾಡಿದರು. ಐದು ಜನರ ವರದಿಯಿಂದ ಶೂವೇ ಕಾರಣ ಎಂದು ತೀರ್ಪು ಕೊಡಲಾಗದು. ಆದರೆ ಈ ಮೂಳೆಯ ಸ್ವಭಾವ ಗೊತ್ತಿದ್ದವರು ಆ ವರದಿಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ನೆವಿಕ್ಯುಲರ್ ಎಂಬುದು ಪಾದದ ಮೇಲ್ಭಾಗದಲ್ಲಿ, ಪಾದ ಕಣಕಾಲಿಗೆ ಸೇರುವ ಮಡಿಕೆಯಿಂದ ಸ್ವಲ್ಪ ಮುಂದೆ ಇರುವ ದೋಣಿಯಾಕಾರದ ಸಣ್ಣ ಮೂಳೆ. ಅದರ ನಡುಭಾಗಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಬಿರುಕು ಬಿಟ್ಟರೆ ಕೂಡುವುದು ನಿಧಾನ. ನೋವೂ ಮೊಂಡು: ವೇಗವಾಗಿ ಓಡುವಾಗ ಪಾದದ ಮೇಲೆ ಎಲ್ಲೋ ಒಂದು ಅಸ್ಪಷ್ಟ ನೋವು, ನಿಲ್ಲಿಸಿದರೆ ಮಾಯ. ಎರಡು ದಿನ ರಜೆ ಕೊಟ್ಟರೆ ಸರಿಯಾಯಿತು ಎನಿಸುತ್ತದೆ, ಮತ್ತೆ ಓಡಿದರೆ ಬರುತ್ತದೆ. ಹೀಗೆ ತಿಂಗಳುಗಟ್ಟಲೆ ಎಳೆದು ಬರುವವರು ಬಹಳ. ಆಮೇಲಿನ ಚಿಕಿತ್ಸೆ ಎಂದರೆ ಆರರಿಂದ ಎಂಟು ವಾರ ಪಾದ ಊರದೆ ಊರುಗೋಲಿನ ಮೇಲೆ, ಓಟಕ್ಕೆ ಮರಳಲು ನಾಲ್ಕಾರು ತಿಂಗಳು. ಕೆಲವರಿಗೆ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಯಾವ ನೋವಿಗೆ ವೈದ್ಯರ ಬಳಿ ಹೋಗಬೇಕು

ಕಣಕಾಲಿನ ಒಳಅಂಚಿನ ಉದ್ದಕ್ಕೂ, ಒಂದು ಗೇಣಿನಷ್ಟು ಜಾಗದಲ್ಲಿ ಒತ್ತಿದರೆ ನೋಯುತ್ತಿದ್ದು, ಓಟ ಶುರು ಮಾಡಿದಾಗ ಇದ್ದು ಮೈ ಬಿಸಿಯಾದಂತೆ ಕಡಿಮೆಯಾಗುತ್ತಿದ್ದರೆ ಅದು ಬಹುತೇಕ ಶಿನ್ ಸ್ಪ್ಲಿಂಟ್ಸ್ ಎನ್ನುವ ತೊಂದರೆ. ಸ್ಪೈಕ್ ನಿಲ್ಲಿಸಿ, ಓಟ ಕಡಿಮೆ ಮಾಡಿ, ಮೀನಖಂಡದ ವ್ಯಾಯಾಮ ಮಾಡಿದರೆ ಇಳಿಯುತ್ತದೆ. ಒಂದು ಬೆರಳ ತುದಿಯಲ್ಲಿ ತೋರಿಸಬಹುದಾದ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾಗುತ್ತಿದ್ದು, ನಡೆಯುವಾಗ ಅಥವಾ ರಾತ್ರಿ ಮಲಗಿದಾಗಲೂ ಇದ್ದರೆ ಅದು ಬೇರೆ ಮಾತು. ಅಂದೇ ಓಟ ನಿಲ್ಲಿಸಿ, ಮೂಳೆ ವೈದ್ಯರನ್ನೋ ಕ್ರೀಡಾ ವೈದ್ಯರನ್ನೋ ನೋಡಿ. ಪಾದದ ಮೇಲೆ ನೆವಿಕ್ಯುಲರ್ ಜಾಗದಲ್ಲಿ ಅಥವಾ ಕಿರುಬೆರಳ ಕಡೆಯ ಅಂಚಿನ ನಡುವೆ ಇಂಥ ನೋವಿದ್ದರಂತೂ ಕಾಯಬೇಡಿ. ಒಂಟಿ ಕಾಲಲ್ಲಿ ಕುಪ್ಪಳಿಸಿ ನೋಡು ಎಂದು ಮಕ್ಕಳಿಗೆ ಹೇಳಿ ಮನೆಯಲ್ಲೇ ಪರೀಕ್ಷೆ ಮಾಡುವುದೂ ಬೇಡ.

ಇಲ್ಲಿ ಅನೇಕ ಕುಟುಂಬಗಳು ಎಡವುವ ಜಾಗ ಒಂದಿದೆ. ಎಕ್ಸ್-ರೇ ತೆಗೆಸುತ್ತಾರೆ, "ನಾರ್ಮಲ್" ಎಂದು ಬರುತ್ತದೆ, ಮಗು ಮತ್ತೆ ಓಡುತ್ತದೆ. ಮೊದಲ ಎರಡು, ಮೂರು ವಾರಗಳಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಎಕ್ಸ್-ರೇಯಲ್ಲಿ ಕಾಣದಿರುವುದೇ ಹೆಚ್ಚು. ನೆವಿಕ್ಯುಲರ್‌ನಲ್ಲಿ ಆಮೇಲೂ ಕಾಣದಿರಬಹುದು. ಎಂಆರ್‌ಐ ಬೇಕು. ದುಬಾರಿ, ನಿಜ. ಆದರೆ ನೋವು ಒಂದೇ ಬಿಂದುವಿನಲ್ಲಿದ್ದರೆ "ಎಕ್ಸ್-ರೇ ಸರಿಯಿದೆ, ಆದರೂ ಎಂಆರ್‌ಐ ಬೇಕೇ ಡಾಕ್ಟ್ರೇ?" ಎಂದು ನೀವೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ತಾಯಂದಿರು ಮನೆಯಲ್ಲೇ ಕೇಳಬೇಕು. ಮುಟ್ಟು ಸರಿಯಾಗಿ ಆಗುತ್ತಿದೆಯೇ? ಓಟದ ಹುಡುಗಿಯರಿಗೆ ತಿಂಗಳು ತಪ್ಪುವುದು ಸಹಜ ಎಂದು ಕೆಲವು ಕೋಚ್‌ಗಳು ಹೇಳುತ್ತಾರೆ. ಅದು ತಪ್ಪು. ಮೂರು ತಿಂಗಳು ಸತತ ಮುಟ್ಟಾಗದಿದ್ದರೆ, ಅಥವಾ ಹದಿನೈದು ತುಂಬಿದರೂ ಶುರುವಾಗದಿದ್ದರೆ, ಓಡುವಷ್ಟಕ್ಕೆ ತಕ್ಕ ಊಟ ಹೊಟ್ಟೆಗೆ ಹೋಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ದೇಹ ಉಳಿತಾಯಕ್ಕೆ ಇಳಿದು ಮೂಳೆ ಕಟ್ಟುವ ಹಾರ್ಮೋನನ್ನು ಕಡಿಮೆ ಮಾಡಿರುತ್ತದೆ. ಅಂಥ ಹುಡುಗಿಗೆ ಯಾವ ಶೂ ಕೊಡಿಸಿದರೂ ಮೂಳೆ ನೋವು ಮರಳಿ ಬರುತ್ತದೆ. ಹುಡುಗರಲ್ಲೂ ಇದು ಆಗುತ್ತದೆ. ಅವರಲ್ಲಿ ಮುಟ್ಟಿನಂಥ ಗುರುತು ಇಲ್ಲದಿರುವುದರಿಂದ ತಿಳಿಯುವುದು ತಡ. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಿಸಿಲಿದ್ದೂ ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸಿ, ಅಳತೆಯನ್ನು ವೈದ್ಯರೇ ಹೇಳಲಿ. 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ಕುಡಿಸುತ್ತ ಹೋಗಬೇಡಿ.

ಈಗಿನ ಮಟ್ಟಿಗೆ ಸ್ಪೈಕ್ ಬೇಡದವರು

ಎಂಟರಿಂದ ಹದಿನಾಲ್ಕರ ನಡುವಿನ ಮಗು ಓಡಿದ ಮೇಲೆ ಹಿಮ್ಮಡಿ ನೋವು ಎನ್ನುತ್ತಿದ್ದರೆ, ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದರೆ ನೋಯುತ್ತಿದ್ದರೆ, ಅದು ಬಹುಪಾಲು ಸೀವರ್ಸ್ ಎಂಬ ತೊಂದರೆ. ಬೆಳೆಯುತ್ತಿರುವ ಹಿಮ್ಮಡಿ ಮೂಳೆಯ ಎಳೆಯ ಭಾಗವನ್ನು ಅಕಿಲಿಸ್ ಎಳೆಯುವುದರಿಂದ ಬರುತ್ತದೆ. ಹೆದರಬೇಕಾದದ್ದಲ್ಲ, ಬೆಳವಣಿಗೆ ಮುಗಿದ ಮೇಲೆ ತಾನೇ ಹೋಗುತ್ತದೆ. ಆದರೆ ತಗ್ಗು ಹಿಮ್ಮಡಿಯ ಸ್ಪೈಕ್ ಇದನ್ನು ಕೆರಳಿಸುತ್ತದೆ. ನೋವು ಇಳಿಯುವವರೆಗೆ ಹಿಮ್ಮಡಿ ಎತ್ತರವಿರುವ ಮಾಮೂಲಿ ಶೂನಲ್ಲೇ ಓಡಲಿ. ಶಾಲೆಯ ಪದಕ ಒಂದು ವರ್ಷ ತಡವಾದರೆ ಏನೂ ಆಗದು.

ಅಕಿಲಿಸ್ ನೋವು ಇನ್ನೂ ಇರುವವರು, ಅಂದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುವವರು, ಸ್ಪೈಕ್ ಮುಟ್ಟಬಾರದು. ನೋವು ಶಮನಕ್ಕೆಂದು ಸ್ನಾಯುರಜ್ಜುವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಎಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ, ಅದು ಹರಿಯುವ ಅಪಾಯವನ್ನು ಹೆಚ್ಚಿಸುತ್ತದೆ.

ಆ್ಯಂಟಿಬಯೋಟಿಕ್ ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೀವೊಫ್ಲಾಕ್ಸಾಸಿನ್ ಎಂಬ ಮಾತ್ರೆಗಳನ್ನು ಮೂತ್ರದ ಸೋಂಕು, ಭೇದಿ, ಟೈಫಾಯ್ಡ್‌ಗೆ ನಮ್ಮಲ್ಲಿ ಧಾರಾಳವಾಗಿ ಕೊಡುತ್ತಾರೆ. ಭೇದಿಗೆ ಮೆಡಿಕಲ್ ಶಾಪಿನವರೇ ಕೊಡುವ ಮಾತ್ರೆಯಲ್ಲೂ ಅನೇಕ ಸಲ ಆಫ್ಲಾಕ್ಸಾಸಿನ್ ಇರುತ್ತದೆ. ಈ ಗುಂಪಿನ ಔಷಧಿಗಳು ಅಕಿಲಿಸ್ ಉರಿಯೂತಕ್ಕೆ, ಅಪರೂಪಕ್ಕೆ ಅದು ಹರಿಯುವುದಕ್ಕೂ ಕಾರಣವಾಗುತ್ತವೆ. ಅರವತ್ತು ದಾಟಿದವರಲ್ಲಿ, ಸ್ಟೀರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಅಪಾಯ ಹೆಚ್ಚು. ಮಾತ್ರೆ ಮುಗಿದ ಕೆಲವು ವಾರ, ತಿಂಗಳ ನಂತರವೂ ಆಗಬಹುದು. ಆದ್ದರಿಂದ ನಾನು ಓಟಗಾರ, ಬೇರೆ ಔಷಧಿ ಆಗುತ್ತದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ. ಅದೇ ಬೇಕಾದರೆ ತೆಗೆದುಕೊಳ್ಳಿ, ಆದರೆ ಆ ಸಮಯದಲ್ಲೂ ನಂತರದ ಕೆಲವು ವಾರವೂ ಸ್ಪೈಕ್ ಹಾಕಿ ವೇಗವಾಗಿ ಓಡಬೇಡಿ. ಹಿಮ್ಮಡಿಯ ಹಿಂದೆ ನೋವು, ಊತ ಕಂಡರೆ ಓಟ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಿ. ಅವರನ್ನು ಕೇಳದೆ ಮಾತ್ರೆಯನ್ನು ನೀವಾಗಿ ಅರ್ಧಕ್ಕೆ ಬಿಡಬೇಡಿ.

ಮಧುಮೇಹ ಇರುವವರು ಓಡುವುದು ಒಳ್ಳೆಯದೇ. ಆದರೆ ಸ್ಪೈಕ್ ಶೂ ಕಾಲಿಗೆ ಬಿಗಿಯಾಗಿರುತ್ತದೆ, ಒಳಗೆ ಮೆತ್ತೆ ಇರುವುದಿಲ್ಲ. ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಬೊಬ್ಬೆ ಎದ್ದದ್ದು, ಒಳಗೆ ಮರಳು ಸೇರಿದ್ದು, ಮೊಳೆಯ ಬುಡ ಒತ್ತುತ್ತಿರುವುದು ಯಾವುದೂ ತಿಳಿಯುವುದಿಲ್ಲ. ವೈದ್ಯರು ಪಾದಕ್ಕೆ ತೆಳುವಾದ ನೈಲಾನ್ ಎಳೆ ತಾಗಿಸಿ ಮಾಡುವ ಸರಳ ಪರೀಕ್ಷೆ ಇದೆ, ಎರಡು ನಿಮಿಷದ್ದು. ಅದು ಮಾಡಿಸಿದ ಮೇಲೆ ನಿರ್ಧರಿಸಿ. ಸ್ಪರ್ಶ ಕಡಿಮೆ ಇದ್ದರೆ ಸ್ಪೈಕ್ ಬೇಡ, ಅಗಲವಾದ ಮಾಮೂಲಿ ಶೂನಲ್ಲೇ ಓಡಿ.

ಗಾಯದ ನಂತರ ಸ್ಪೈಕ್‌ಗೆ ಮರಳುವುದು

ಮೊದಲು ಮಾಮೂಲಿ ಶೂನಲ್ಲಿ ನೋವಿಲ್ಲದೆ ಅರ್ಧ ಗಂಟೆ ಓಡುವಂತಾಗಬೇಕು. ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತರಿಂದ ಇಪ್ಪತ್ತೈದು ಸಲ ಎರಡೂ ಕಾಲಲ್ಲಿ ಸಮನಾಗಿ ಮಾಡಲು ಬರಬೇಕು. ಗಾಯವಾದ ಕಾಲು ಹನ್ನೆರಡಕ್ಕೇ ಸೋತರೆ ಸ್ಪೈಕ್ ಇನ್ನೂ ಪೆಟ್ಟಿಗೆಯಲ್ಲೇ ಇರಲಿ.

ಆಮೇಲೆ ಮೊದಲ ವಾರ, ಅಭ್ಯಾಸದ ಕೊನೆಗೆ, ಸ್ಪೈಕ್ ಹಾಕಿ 80ರಿಂದ 100 ಮೀಟರ್‌ನ ನಾಲ್ಕು ಓಟ. ಪೂರ್ತಿ ವೇಗ ಬೇಡ. ಸಾಧ್ಯವಾದರೆ ಹುಲ್ಲಿನ ಮೇಲೆ. ವಾರಕ್ಕೆ ಒಂದೇ ದಿನ. ಮರುದಿನ ಮತ್ತು ಅದರ ಮರುದಿನ ಬೆಳಿಗ್ಗೆ ಹಳೆಯ ಗಾಯದ ಜಾಗವನ್ನು ಒತ್ತಿ ನೋಡಿ. ಎರಡನೇ, ಮೂರನೇ ವಾರ ಆರು, ಎಂಟಕ್ಕೆ ಏರಿಸಿ. ನಾಲ್ಕನೇ ವಾರದಿಂದ ವೇಗದ ಅಭ್ಯಾಸದ ಕೊನೆಯ ಒಂದೆರಡು ಸುತ್ತಿಗೆ ಮಾತ್ರ ಸ್ಪೈಕ್. ಆರು ವಾರದ ಮೊದಲು ಸ್ಪರ್ಧೆ ಬೇಡ. ನೆವಿಕ್ಯುಲರ್ ಗಾಯವಾಗಿದ್ದವರಿಗೆ ಈ ಲೆಕ್ಕ ಸಾಲದು, ಅವರ ಪಟ್ಟಿಯನ್ನು ವೈದ್ಯರು ಮತ್ತು ಫಿಸಿಯೊಥೆರಪಿಸ್ಟ್ ಸೇರಿ ಮಾಡಬೇಕು. ಸ್ಪರ್ಧೆಯ ದಿನ ನೋವು ಮುಚ್ಚಲು ಡೈಕ್ಲೊಫಿನಾಕ್, ಐಬುಪ್ರೊಫೆನ್ ನುಂಗಿ ಓಡುವ ಅಭ್ಯಾಸ ಕೆಲವು ತಂಡಗಳಲ್ಲಿದೆ. ಅದು ಮೂಳೆಯ ಎಚ್ಚರಿಕೆಯನ್ನು ಮುಚ್ಚುತ್ತದೆ, ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೂ ಕೆಟ್ಟದ್ದು.

ಅಂಗಡಿಯಲ್ಲಿ, ಟ್ರ್ಯಾಕ್‌ನಲ್ಲಿ

ಮುಂಬಯಿಯ ಧೋಬಿ ತಲಾವ್‌ನಂಥ ಕ್ರೀಡಾ ಸಾಮಗ್ರಿಯ ಪೇಟೆ ಹತ್ತಿರವಿದ್ದರೆ ಆನ್‌ಲೈನ್ ತರಿಸುವ ಬದಲು ಹೋಗಿ ಹಾಕಿ ನೋಡಿ. ಸಂಜೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಸ್ಪೈಕ್ ಮಾಮೂಲಿ ಶೂಗಿಂತ ಬಿಗಿ ಇರಬೇಕು, ಆದರೆ ನಿಂತಾಗ ಬೆರಳು ಮಡಚಬಾರದು. ತುದಿ ಒತ್ತಿದರೆ ಉಗುರು ಕಪ್ಪಾಗುತ್ತದೆ. ಬೆಳೆಯುವ ಕಾಲು ಎಂದು ಎರಡು ಸೈಜ್ ದೊಡ್ಡದು ತೆಗೆದುಕೊಂಡರೆ ತಿರುವಿನಲ್ಲಿ ಪಾದ ಒಳಗೆ ಜಾರಿ ಬೊಬ್ಬೆ ಏಳುತ್ತದೆ. ಅಣ್ಣನ ಹಳೆಯ ಸ್ಪೈಕ್ ತಮ್ಮನಿಗೆ ಆಗಬಹುದು, ಅಟ್ಟೆ ಒಂದು ಕಡೆಗೆ ವಾಲಿರದಿದ್ದರೆ.

ಮೊಳೆಯ ಉದ್ದ ನೆಲವನ್ನು ನೋಡಿ. ಸಿಂಥೆಟಿಕ್ ಟ್ರ್ಯಾಕ್‌ಗೆ ಸಾಮಾನ್ಯವಾಗಿ 6 ಮಿಲಿಮೀಟರ್. ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ ಓಟಕ್ಕೆ 9 ಮಿಲಿಮೀಟರ್ ಮೀರುವಂತಿಲ್ಲ, ಒಂದು ಶೂಗೆ 11ಕ್ಕಿಂತ ಹೆಚ್ಚು ಮೊಳೆ ಇರುವಂತಿಲ್ಲ. ಮಣ್ಣಿನ ಟ್ರ್ಯಾಕ್‌ಗೆ ಉದ್ದನೆಯವು ಬೇಕಾಗುತ್ತವೆ. ಮಣ್ಣಿನ ಮೊಳೆಯಲ್ಲೇ ಸಿಂಥೆಟಿಕ್ ಮೇಲೆ ಓಡಿದರೆ ಪಾದ ನೆಲಕ್ಕೆ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಪುಣೆಯ ಬಾಲೆವಾಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈ ಮತ್ತು ದೆಹಲಿಯ ನೆಹರು ಕ್ರೀಡಾಂಗಣ, ಮುಂಬಯಿಯ ಪ್ರಿಯದರ್ಶಿನಿ ಪಾರ್ಕ್, ಎಲ್ಲಿಗೆ ಹೋದರೂ ಯಾವ ಮೊಳೆಗೆ ಅನುಮತಿ ಎಂದು ಅಲ್ಲಿಯ ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ. ತಿರುಪುವ ಕೀಲಿ ಚೀಲದಲ್ಲಿರಲಿ, ತಿಂಗಳಿಗೊಮ್ಮೆ ಮೊಳೆ ಬಿಚ್ಚಿ ಹಾಕಿ. ತುಕ್ಕು ಹಿಡಿದು ಕೂತರೆ ಶೂನೇ ಎಸೆಯಬೇಕಾಗುತ್ತದೆ.

ದುಬಾರಿ ಶೂ ಕೊಳ್ಳುವವರು ಇನ್ನೊಂದು ನಿಯಮ ನೋಡಿಕೊಳ್ಳಬೇಕು. 2024ರ ನವೆಂಬರ್ 1ರಿಂದ ಎಲ್ಲ ಟ್ರ್ಯಾಕ್ ಓಟಗಳಲ್ಲೂ ಅಟ್ಟೆಯ ದಪ್ಪ 20 ಮಿಲಿಮೀಟರ್ ಮೀರುವಂತಿಲ್ಲ. ಅದಕ್ಕೆ ಮೊದಲು 800 ಮೀಟರ್ ಮತ್ತು ಅದಕ್ಕೂ ಉದ್ದದ ಓಟಕ್ಕೆ 25ರವರೆಗೆ ಅವಕಾಶವಿತ್ತು. ಆಗ ತಯಾರಾದ ದಪ್ಪ ಮಾದರಿಗಳು ರಿಯಾಯಿತಿಯಲ್ಲಿ ಮಾರಾಟಕ್ಕೆ ಸಿಗುತ್ತವೆ, ಅಭ್ಯಾಸಕ್ಕೆ ಆಗುತ್ತವೆ, ಅಧಿಕೃತ ಕೂಟಕ್ಕೆ ಆಗದಿರಬಹುದು. ವಿಶ್ವ ಅಥ್ಲೆಟಿಕ್ಸ್ ತನ್ನ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಶೂಗಳ ಪಟ್ಟಿ ಇಟ್ಟಿದೆ, ಹಣ ಕೊಡುವ ಮುನ್ನ ಅದರಲ್ಲಿ ಹೆಸರಿದೆಯೇ ನೋಡಿ. ಶೂ ಒಳಗೆ ಹಾಕುವ ಅಡಿಪದರವೂ ದಪ್ಪದ ಲೆಕ್ಕಕ್ಕೆ ಬರುತ್ತದೆ. ಚಪ್ಪಟೆ ಪಾದಕ್ಕೋ ಹಿಮ್ಮಡಿ ನೋವಿಗೋ ವೈದ್ಯರು ಒಳಅಡಿ ಕೊಟ್ಟಿದ್ದರೆ ಕೂಟದ ಅಧಿಕಾರಿಗಳನ್ನು ಮುಂಚೆಯೇ ವಿಚಾರಿಸಿ, ಓಟದ ಸಾಲಿನಲ್ಲಿ ನಿಂತು ತೆಗೆಯುವಂತೆ ಆಗಬಾರದು.

ಗುಂಪಿನ ಓಟದಲ್ಲಿ ಹಿಂದಿನವರ ಸ್ಪೈಕ್ ಕಾಲಿಗೆ ತಾಗುವುದು ಸಾಮಾನ್ಯ. ಗಾಯವನ್ನು ಹರಿಯುವ ನೀರು, ಸೋಪಿನಿಂದ ಐದಾರು ನಿಮಿಷ ತೊಳೆಯಿರಿ, ಅರಿಶಿನ, ಕಾಫಿ ಪುಡಿ ಹಾಕಬೇಡಿ. ಮೊಳೆ ಚುಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳವಿರುತ್ತದೆ, ವೈದ್ಯರಿಗೆ ತೋರಿಸಿ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಹತ್ತನೇ ಮತ್ತು ಹದಿನಾರನೇ ವಯಸ್ಸಿಗೆ ಇದೆ. ಮಣ್ಣು ತಾಗಿದ ಗಾಯವಾಗಿದ್ದು ಕೊನೆಯ ಚುಚ್ಚುಮದ್ದಾಗಿ ಐದು ವರ್ಷ ದಾಟಿದ್ದರೆ ಇನ್ನೊಂದು ಬೇಕಾಗುತ್ತದೆ. ಊರು ಬದಲಿಸಿದಾಗ ಮಕ್ಕಳ ಲಸಿಕೆ ಕಾರ್ಡ್ ಎಲ್ಲಿಟ್ಟಿದ್ದೀರೋ ಹುಡುಕಿ, ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಕೂಟದ ದಿನ ಡಾಕ್ಟರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.